ಕಾಲು ಎಲ್ಲಿದೆ, ಮೇಡಂ?

ಮಾಸ್ಟರ್ ಅವರ ಬಲಗಾಲಿನ ಹೆಬ್ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಇನ್ನರ್ಧ ಯಾವ ಕಾಲದಲ್ಲೋ ಲಾರಿಯ ಹಲಗೆಗೆ ಸಿಕ್ಕಿ ಹೋದದ್ದಂತೆ. ಆ ಜಾಗದಲ್ಲಿ ಚರ್ಮ ಗಟ್ಟಿಯಾಗಿ ಹಳದಿಗೆ ತಿರುಗಿತ್ತು. ಡ್ರೈವಿಂಗ್ ಕಲಿತಷ್ಟು ದಿನವೂ ನಾನು ರಸ್ತೆಗಿಂತ ಹೆಚ್ಚಾಗಿ ನೋಡಿದ್ದು ಆ ಬೆರಳನ್ನೇ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂರುವ ಮಾಸ್ಟರ್‌ಗೂ ಒಂದು ಬ್ರೇಕ್ ಇರುತ್ತದೆ. ಅವರು ಚಪ್ಪಲಿಯನ್ನು ಹಲಸೂರಿನ ತಮ್ಮ ಸ್ಕೂಲಿನ ಮೆಟ್ಟಿಲ ಬಳಿಯೇ ಬಿಟ್ಟು, ಬರಿಗಾಲಲ್ಲಿ ಕಾರು ಹತ್ತುತ್ತಿದ್ದರು. ಹಿಮ್ಮಡಿಯನ್ನು ಊರಿ, ಆ ಅರ್ಧ ಉಗುರಿನ ಬೆರಳನ್ನು ಬ್ರೇಕಿಗೆ ತಾಗಿಯೂ ತಾಗದ ಹಾಗೆ ಇಟ್ಟಿರುತ್ತಿದ್ದರು. ಬೆರಳು ಬಗ್ಗಿತೆಂದರೆ ನಾನು ಏನೋ ಎಡವಟ್ಟು ಮಾಡಿದ್ದೇನೆ ಎಂದೇ ಅರ್ಥ.

ನಲವತ್ತು ದಾಟಿದ ಮೇಲೆ ಕಲಿಯಲು ಹೊರಟವಳು ನಾನು. ಮನೆ ಸಿ.ವಿ. ರಾಮನ್ ನಗರದಲ್ಲಿ, ಕೆಲಸ ಕೆ.ಆರ್. ಪುರದ ಆಚೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ. ಹುಡುಗರಿಗೆ ಬೈದು ಬೈದು ಅಭ್ಯಾಸವಾಗಿದ್ದ ನನಗೆ ಬೈಸಿಕೊಳ್ಳುವುದು ಹೊಸದು. ಮಾಸ್ಟರ್ ಮಾತ್ರ ಒಮ್ಮೆಯೂ ದನಿ ಎತ್ತಲಿಲ್ಲ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ ಮಾತಾಡುವ ಹಲಸೂರಿನ ಮನುಷ್ಯ ಅವರು. ಕಿಟಕಿಯಾಚೆ ನೋಡುತ್ತಾ, ಯಾವುದೋ ಸಿಗ್ನಲ್ಲಿನಲ್ಲಿ, ಯಾವುದೋ ತಿರುವಿನಲ್ಲಿ ಇದ್ದಕ್ಕಿದ್ದಂತೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಕಾಲು ಎಲ್ಲಿದೆ, ಮೇಡಂ?"

ಬ್ರೇಕ್ ಮೇಲಿದೆ ಅಂದರೆ ಸರಿ. ಆಕ್ಸಿಲರೇಟರ್ ಮೇಲಿದೆ ಅಂದರೂ ಸರಿ. ಕೆಳಗೆ ನೋಡಿ ಹೇಳಿದರೆ ಮಾತ್ರ ಅವತ್ತಿನ ಪಾಠ ಮತ್ತೆ ಮೊದಲಿಂದ. "ನಿಮ್ಮ ಕಾಲು ಎಲ್ಲಿದೆ ಅಂತ ನೋಡಿ ತಿಳ್ಕೊಬೇಕಾ?" ಎನ್ನುತ್ತಿದ್ದರು. ಹಾರ್ನ್ ಹೊಡೆದರೆ ಅವರಿಗೆ ಆಗುತ್ತಿರಲಿಲ್ಲ. "ನಡ್ಕೊಂಡು ಹೋಗೋರೇ ರಸ್ತೆಗೆ ಓನರ್ರು. ನಾವು ಬಾಡಿಗೆಗೆ ಇರೋರು. ಸೊಲ್ಪ ತಗ್ಗಿ ಇರ್ಬೇಕು."

ಕಲಿಯುವವರು ಕಾಲೇಜು ಹುಡುಗರಾಗಲಿ, ಮೊಮ್ಮಕ್ಕಳಿರುವ ಹೆಂಗಸರಾಗಲಿ, ಎಲ್ಲರೂ ಅವರಿಗೆ 'ಸಾರ್', 'ಮೇಡಂ'. ಲೈಸೆನ್ಸ್ ಸಿಕ್ಕ ದಿನದಿಂದ ಆ ಮರ್ಯಾದೆ ನಿಂತುಹೋಗುತ್ತಿತ್ತು. 'ಏನಪ್ಪಾ', 'ಏನಮ್ಮಾ' ಶುರುವಾಗುತ್ತಿತ್ತು. ನನಗೆ ಅದು ಒಂದು ದಿನ ಮುಂಚೆಯೇ ಸಿಕ್ಕಿತು. ಟೆಸ್ಟಿನ ಹಿಂದಿನ ದಿನ ಅವರದೊಂದು ಪದ್ಧತಿ. ಎಡಗಡೆ ಸೀಟಿನಲ್ಲಿ ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಿ ಕೂತು, ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ ಇಟ್ಟುಕೊಂಡು, "ಇವತ್ತು ನನ್ನ ಕಾಲಿಲ್ಲ, ಮೇಡಂ. ನೋಡ್ಕೊಳ್ಳಿ, ಮಡಚಿಟ್ಟಿದ್ದೀನಿ. ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ" ಎಂದರು. ಹಲಸೂರು ಕೆರೆಯ ಪಕ್ಕ ಬಸ್ಸೊಂದು ಹೇಳದೆ ಕೇಳದೆ ಅಡ್ಡ ಬಂತು. ನಾನು ಬ್ರೇಕ್ ಒತ್ತಿದೆ. ಕಾರು ನಿಂತಿತು. ಅವರು ಕಡಲೆಕಾಯಿ ಸಿಪ್ಪೆ ಬಿಡಿಸುತ್ತಲೇ ಇದ್ದರು. "ತಗೋ ಅಮ್ಮಾ, ತಿನ್ನು" ಎಂದು ನಾಲ್ಕು ಕಾಳು ಕೈಗಿಟ್ಟರು.

ಹಳೆಯ ಕಾರೊಂದನ್ನು ಹತ್ತು ವರ್ಷ ಓಡಿಸಿದ ಮೇಲೆ ಹೊಸದನ್ನು ಕೊಂಡೆ. ಮುಂದಿನ ಗಾಜಿನ ಮೇಲ್ಗಡೆ, ಕನ್ನಡಿಯ ಹಿಂದೆ ಕ್ಯಾಮೆರಾ ಇರುವಂಥದ್ದು. ಮುಂದೆ ಹೋಗುವ ಗಾಡಿಯ ಹಿಂದೆ ತಾನೇ ಹೋಗುತ್ತದೆ, ತಾನೇ ನಿಲ್ಲುತ್ತದೆ, ಯಾರಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಮೊದಲು ಮಾಸ್ಟರನ್ನೇ ಕೂರಿಸಿಕೊಂಡು ಹಲಸೂರಿನಲ್ಲಿ ಒಂದು ಸುತ್ತು ಬಂದೆ. ಮಾರುಕಟ್ಟೆಯ ಹತ್ತಿರ ಎದುರಿಗೆ ಆಟೋ ನುಗ್ಗಿದಾಗ ಕಾರು ತಾನಾಗಿ ನಿಂತಿತು. ಮಾಸ್ಟರ್ ಬಗ್ಗಿ ನನ್ನ ಕಾಲನ್ನು ನೋಡಿದರು. ನಿಜವಾಗಿಯೂ ನಾನು ಒತ್ತಿರಲಿಲ್ಲ.

"ಪರವಾಗಿಲ್ವೇ. ನನ್ನ ಥರಾನೇ ಇದರೊಳಗೂ ಒಂದು ಕಾಲು ಇಟ್ಟವ್ರೆ" ಎಂದು ನಕ್ಕರು. ಸ್ವಲ್ಪ ದೂರ ಹೋದ ಮೇಲೆ, "ಅಲ್ಲಮ್ಮಾ, ಇದು ಕಾಲು ಮಡಚ್ಕೊಂಡ್ರೆ ನಿನಗೆ ಹೇಳುತ್ತಾ?" ಎಂದು ಕೇಳಿದರು.

"ಹೇಳುತ್ತೆ ಮಾಸ್ಟರ್. ಏನು ಬದಲಾದ್ರೂ ಸ್ಕ್ರೀನ್ ಮೇಲೆ ಬರುತ್ತೆ."

"ನೀನು ಓದ್ತೀಯಾ?"

ಓದಿ ಓದಿ ಪಾಠ ಮಾಡುವವಳನ್ನೇ ಹೀಗೆ ಕೇಳುತ್ತಾರಲ್ಲ ಎಂದು ನಾನೂ ನಕ್ಕೆ.

ಆ ಕಾರು ಸುಖ ಕೊಟ್ಟಷ್ಟೇ ಗೋಳನ್ನೂ ಹೊಯ್ದುಕೊಂಡಿತು. ಹಳೇ ಮದ್ರಾಸ್ ರಸ್ತೆಯಲ್ಲಿ ಅಳಿಸಿಹೋದ ಬಿಳಿ ಗೆರೆಯನ್ನು ನಂಬಿ ಸ್ಟೇರಿಂಗನ್ನು ಪಕ್ಕಕ್ಕೆ ಎಳೆಯುತ್ತಿತ್ತು. ಮೆಟ್ರೋ ಕಂಬದ ನೆರಳಿಗೆ ಹೆದರುತ್ತಿತ್ತು. ಒಮ್ಮೆ ಗಾಳಿಗೆ ಹಾರಿ ಬಂದ ಪ್ಲಾಸ್ಟಿಕ್ ಕವರಿಗೆ ಗಕ್ಕನೆ ನಿಂತಾಗ ಹಿಂದಿನ ಸ್ಕೂಟರಿನವನು ನನ್ನ ವಂಶವನ್ನೆಲ್ಲ ನೆನೆದ. ಇದೇ ಕಾರು ಕೊಂಡವರದೊಂದು ವಾಟ್ಸಾಪ್ ಗುಂಪಿತ್ತು. ಅಲ್ಲಿ ಬೆಳಗಾದರೆ ಇದೇ ಗೋಳು. ಹೊಸ ಅಪ್‌ಡೇಟ್ ಬಂತಾ, ಹಾಕ್ಕೊಂಡ್ರಾ, ಹಾಕ್ಕೊಂಡ ಮೇಲೆ ಸರಿಹೋಯ್ತಾ, ಇನ್ನೂ ಕೆಟ್ಟಿತಾ. ಸುಮ್ಮಸುಮ್ಮನೆ ಬ್ರೇಕ್ ಬೀಳುತ್ತದೆಂದು ಕಂಪನಿಗೆ ದೂರು ಬರೆದವರಲ್ಲಿ ನಾನೂ ಒಬ್ಬಳು. ಉದ್ದುದ್ದ ಬರೆದಿದ್ದೆ. ಇಷ್ಟಾದರೂ ಟ್ರಾಫಿಕ್ಕಿನಲ್ಲಿ ಕಾರಿಗೆ ಬಿಟ್ಟುಕೊಟ್ಟು ಕೂರುವುದು ರೂಢಿಯಾಗಿಹೋಯಿತು. ಮಂಡಿನೋವಿನವಳು ನಾನು, ಬಲಗಾಲಿನ ಚಪ್ಪಲಿ ಬಿಟ್ಟು, ಕಾಲನ್ನು ಸೀಟಿನ ಮೇಲೆ ಮಡಚಿಕೊಳ್ಳುತ್ತಿದ್ದೆ. ಮಾಸ್ಟರ್‌ಗೆ ಇದನ್ನು ಹೇಳಿರಲಿಲ್ಲ.

ಆಯುಧಪೂಜೆಗೆ ಅವರ ಹಳೆಯ ಶಿಷ್ಯರೆಲ್ಲ ಸ್ಕೂಲಿನ ಮುಂದೆ ಗಾಡಿ ತಂದು ನಿಲ್ಲಿಸುವುದು ವಾಡಿಕೆ. ಪ್ರತಿ ಗಾಡಿಗೂ ಮಾಸ್ಟರೇ ಪೂಜೆ ಮಾಡಬೇಕು. ಬೇರೆಯವರು ಬಾನೆಟ್ಟಿಗೆ ಗಂಧ ಕುಂಕುಮ ಇಟ್ಟರೆ ಇವರು ಇಡುತ್ತಿದ್ದದ್ದು ಗಾಜಿನ ಮೇಲ್ತುದಿಯಲ್ಲಿ, ನಟ್ಟನಡುವೆ. "ಹಣೆ ಇರೋದು ಮೇಲೆ. ಹೊಟ್ಟೆಗೆ ಯಾರಾದ್ರೂ ಕುಂಕುಮ ಇಡ್ತಾರಾ?" ಎನ್ನುತ್ತಿದ್ದರು. ಆ ವರ್ಷ ನನ್ನ ಹೊಸ ಕಾರಿಗೂ ಮೂರು ಬೆರಳಲ್ಲಿ ದಪ್ಪಗೆ ಗಂಧ ಬಳಿದರು, ಸರಿಯಾಗಿ ಕ್ಯಾಮೆರಾದ ಮುಂದೆ. ಬೇಡ ಎನ್ನಲು ಬಾಯಿ ಬರಲಿಲ್ಲ. ಹೊರಟ ಕೂಡಲೇ ಕ್ಯಾಮೆರಾ ಮುಚ್ಚಿದೆ ಎಂದು ಸ್ಕ್ರೀನ್ ಬಡಬಡಿಸತೊಡಗಿತು. ಕೆರೆಯ ಪಕ್ಕ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಕ್ಯಾಮೆರಾದ ಜಾಗವನ್ನು ಚೊಕ್ಕ ಒರೆಸಿದೆ. ಪಕ್ಕದಲ್ಲಿ ಒಂದಿಷ್ಟು ಹಳದಿ ಕಲೆ ಉಳಿಯಿತು. ಸ್ಕ್ರೀನಿನ ಗಲಾಟೆ ನಿಂತಿತು. ಇದನ್ನು ಇಷ್ಟು ವಿವರವಾಗಿ ಏಕೆ ಹೇಳುತ್ತಿದ್ದೇನೆಂದರೆ, ಗಂಧದ ತಪ್ಪು ಏನೂ ಇರಲಿಲ್ಲ ಎಂಬುದು ನನಗೆ ಅವತ್ತೇ ಚೆನ್ನಾಗಿ ಗೊತ್ತಿತ್ತು.

ಹಬ್ಬ ಕಳೆದು ಕಾಲೇಜಿಗೆ ಹೊರಟ ಬೆಳಿಗ್ಗೆ ಹೊಸ ಅಪ್‌ಡೇಟ್ ಬಂದಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ ಒಂದು ಪುಟದಷ್ಟು ಏನೋ ಇತ್ತು. ಓದದೆ ಸರಿ ಎಂದು ಒತ್ತಿದೆ. ಕೆ.ಆರ್. ಪುರದ ಮಾರುಕಟ್ಟೆಯ ಹತ್ತಿರ ಎಂದಿನಂತೆ ಗಾಡಿಗಳು ತೆವಳುತ್ತಿದ್ದವು. ನಾನು ಎಂದಿನಂತೆ ಕಾರಿಗೆ ಬಿಟ್ಟುಕೊಟ್ಟು, ಬಲಗಾಲು ಮಡಚಿಕೊಂಡು ಮೊಬೈಲ್ ನೋಡುತ್ತಿದ್ದೆ. ನೋಡುತ್ತಿದ್ದದ್ದು ಅದೇ ಗುಂಪನ್ನು, ಆ ಅಪ್‌ಡೇಟಿನ ಬಗ್ಗೆಯೇ ಯಾರೋ ಏನೋ ಬರೆದಿದ್ದರು. ಕಾರು ಕೀಂ ಕೀಂ ಎಂದಿತು. ದಿನಾ ಅನ್ನುತ್ತದೆ, ನಿಲ್ಲುತ್ತದೆ ಬಿಡು ಎಂದುಕೊಂಡೆ. ನಿಲ್ಲಲಿಲ್ಲ. ತಲೆ ಎತ್ತಿದಾಗ ಬಾನೆಟ್ಟಿನ ಮುಂದೆ ಸೊಪ್ಪಿನ ಮಂಕರಿ ಹೊತ್ತ ಹೆಂಗಸು ಇದ್ದರು. ಮಡಚಿದ ಕಾಲು ಬಿಚ್ಚಿ ಕೆಳಗಿಳಿಸುವಷ್ಟರಲ್ಲಿ ಅವರು ಬಿದ್ದಾಗಿತ್ತು. ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು.

ಆಸ್ಪತ್ರೆಗೆ ಸೇರಿಸಿ, ಪೊಲೀಸ್ ಸ್ಟೇಷನ್ನಿಗೆ ಹೋಗಿ, ನಾನು ಫೋನ್ ಮಾಡಿದ್ದು ಮಾಸ್ಟರ್‌ಗೆ. ಅವರು ಆಟೋ ಹಿಡಿದು ಬಂದರು. ಏನಾಯಿತು, ಹೇಗಾಯಿತು ಎಂದು ಕೇಳಲಿಲ್ಲ.

"ಕಾಲು ಎಲ್ಲಿತ್ತಮ್ಮಾ?"

"ಬ್ರೇಕ್ ಮೇಲೇ ಇತ್ತು ಮಾಸ್ಟರ್" ಎಂದೆ.

ಅಷ್ಟರಲ್ಲಿ ಕಾರಿನ ಸರ್ವಿಸ್ ಸೆಂಟರಿನವನು ಫೋನಿನಲ್ಲಿ ಸಿಕ್ಕಿದ. "ಮೇಡಂ, ಗ್ಲಾಸ್ ಮೇಲೆ ಏನಾದ್ರೂ ಅಂಟ್ಕೊಂಡಿತ್ತಾ?" ಎಂದು ಕೇಳಿದ. ಪಕ್ಕದಲ್ಲಿ ಮಾಸ್ಟರ್ ನಿಂತಿದ್ದರು, ಎದುರಿಗೆ ಪೊಲೀಸಿನವರು. ಭಯದಲ್ಲಿ ನನ್ನ ಬಾಯಿಂದ ಬಂತು: "ಹೌದು. ಪೂಜೆ ಗಂಧ ಇತ್ತು."

ಮಾಸ್ಟರ್ ಸ್ಟೇಷನ್ನಿನ ಮುಂದೆ ನಿಲ್ಲಿಸಿದ್ದ ಕಾರಿನ ಹತ್ತಿರ ಹೋದರು. ಗಾಜಿನ ಮೇಲಿದ್ದ ಒಣಗಿದ ಕಲೆಯನ್ನು ಬೆರಳಿಂದ ಮುಟ್ಟಿ ನೋಡಿದರು. ವಾಪಸ್ಸು ಬಂದು ಪೊಲೀಸಿನವರಿಗೆ, "ಆ ಗಂಧ ಇಟ್ಟೋನು ನಾನೇ ಸಾರ್. ಅಲ್ಲಿ ಕ್ಯಾಮೆರಾ ಇರುತ್ತೆ ಅಂತ ಗೊತ್ತಿರ್ಲಿಲ್ಲ. ಈ ಅಮ್ಮಂದು ಏನೂ ತಪ್ಪಿಲ್ಲ" ಎಂದು ಕೈ ಮುಗಿದರು. ನಾನು ಸುಮ್ಮನೆ ನಿಂತಿದ್ದೆ. ಸಂಜೆ ಮನೆಯಲ್ಲಿ ಕೂತು ಅಪ್‌ಡೇಟಿನ ಸಣ್ಣ ಅಕ್ಷರಗಳನ್ನು ಓದಿದೆ. ಅನಗತ್ಯವಾಗಿ ಬ್ರೇಕ್ ಬೀಳುತ್ತದೆಂದು ಬಹಳ ಮಂದಿ ದೂರಿದ್ದರಿಂದ, ನಿಧಾನವಾಗಿ ಚಲಿಸುವಾಗ ಕಾರು ಇನ್ನು ಎಚ್ಚರಿಕೆಯನ್ನಷ್ಟೇ ಕೊಡುತ್ತದೆ, ಬ್ರೇಕ್ ಬೇಕೆನ್ನುವವರು ತಾವೇ ಆನ್ ಮಾಡಿಕೊಳ್ಳಬೇಕು ಎಂದಿತ್ತು. ಕಾರು ಕಾಲು ಮಡಚಿಕೊಂಡಿತ್ತು, ಹೇಳಿಯೂ ಇತ್ತು.

ಆ ಹೆಂಗಸು ಕೇಸು ಬೇಡ ಎಂದರು. ಆಸ್ಪತ್ರೆಯದೆಲ್ಲ ನಾನೇ ನೋಡಿಕೊಂಡೆ, ಹಣ್ಣು ತೆಗೆದುಕೊಂಡು ಹೋಗಿ ಮಾತಾಡಿಸಿಯೂ ಬಂದೆ. ಗಂಧದಿಂದ ಕ್ಯಾಮೆರಾ ಪ್ರಾಬ್ಲಂ ಆಯಿತು ಎಂದು ಅವರಿಗೂ ಹೇಳಿದ್ದೆ.

ಮರುವರ್ಷದ ಆಯುಧಪೂಜೆಗೆ ಸ್ಕೂಲಿನ ಮುಂದೆ ಗಾಡಿಗಳು ನಿಂತಿದ್ದವು, ಮಾಸ್ಟರ್ ಮಾತ್ರ ಗಂಧದ ಬಟ್ಟಲು ಮುಟ್ಟಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. "ನೀವುನೀವೇ ಇಟ್ಕೊಳ್ರಪ್ಪಾ" ಎಂದರು. ಎರಡು ಬ್ರೇಕಿನ ಆ ಕಾರನ್ನು ಮಾರಿದ್ದರು. ಕಲಿಸುವುದನ್ನು ನಿಲ್ಲಿಸಿ ಆಗಲೇ ಕೆಲವು ತಿಂಗಳಾಗಿತ್ತು. ನನ್ನನ್ನು ನೋಡಿ, "ಚೆನ್ನಾಗಿದ್ದೀರಾ ಮೇಡಂ?" ಎಂದರು. ಬೇಸರದಲ್ಲಿ ಹಾಗೆ ಬಂತೇನೋ ಎಂದುಕೊಂಡೆ. ಗಂಧದ ಚಿಂತೆಯಲ್ಲೇ ಇವರು ಕೊರಗುತ್ತಿದ್ದಾರೆ, ಇವತ್ತು ಹೇಳಿಬಿಡೋಣ ಎಂದು ಎರಡು ಸಲ ಹತ್ತಿರ ಹೋದೆ. ಹೇಳದೆ ಮನೆಗೆ ಬಂದೆ.

ಕೊನೆಗೆ ಹೇಳಿದ್ದು ಈ ವರ್ಷ, ಅವರು ಹಾಸಿಗೆ ಹಿಡಿದ ಮೇಲೆ. ಸರ್ವಜ್ಞನಗರದಲ್ಲಿ ಮಗಳ ಮನೆಯಲ್ಲಿದ್ದರು. ಹೊದಿಕೆಯಾಚೆ ಕಾಲುಗಳು ಊದಿಕೊಂಡು ಕಾಣುತ್ತಿದ್ದವು. ಆ ಅರ್ಧ ಉಗುರನ್ನು ನೋಡುತ್ತಲೇ ಎಲ್ಲವನ್ನೂ ಹೇಳಿದೆ. ಗಂಧ ಒರೆಸಿದ್ದು, ಓದದೆ ಒತ್ತಿದ್ದು, ಕಾಲು ಮಡಚಿದ್ದು, ಅವರ ಮುಂದೆಯೇ ಸುಳ್ಳು ಹೇಳಿದ್ದು. ಹೇಳುತ್ತಾ ಅತ್ತುಬಿಟ್ಟೆ. ಅವರ ಮುಖದಲ್ಲಿ ಆಶ್ಚರ್ಯವೂ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ.

"ಆ ಯಮ್ಮನಿಗೆ ಹೇಳಿದ್ರಾ, ಮೇಡಂ?"

"ಇಲ್ಲ ಮಾಸ್ಟರ್."

"ಹೇಳ್ಬಿಟ್ಟು ಬನ್ನಿ. ಆಮೇಲೆ ಮಾತಾಡೋಣ."

ಪರೀಕ್ಷೆಯ ಕೆಲಸವಿದೆ, ಭಾನುವಾರ ಹೋಗೋಣ ಎಂದುಕೊಂಡೆ. ಶುಕ್ರವಾರ ಅವರು ಹೋಗಿಬಿಟ್ಟರು. ಹಜಾರದಲ್ಲಿ ಮಲಗಿಸಿದ್ದರು, ಎರಡು ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ದಾರ ಕಟ್ಟಿದ್ದರು. ನಾನು ಆ ಕಡೆಗೆ ನಿಂತು ನೋಡಲಾರದೆ ಹೊರಗೆ ಬಂದೆ.

ಆ ಭಾನುವಾರ ಬಸ್ಸಿನಲ್ಲಿ ಕೆ.ಆರ್. ಪುರಕ್ಕೆ ಹೋದೆ. ಆ ಹೆಂಗಸು ಮಾರುಕಟ್ಟೆಯ ಅಂಚಿನ ತಮ್ಮ ಜಾಗದಲ್ಲಿ, ಒಂದು ಕಾಲು ಚಾಚಿಕೊಂಡು, ಸಬ್ಬಸಿಗೆ ಸೊಪ್ಪು ಕಟ್ಟುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿದೆ.

"ಅಮ್ಮಾ, ಅವತ್ತು ಗಂಧದಿಂದ ಆಗಿದ್ದಲ್ಲ, ಕ್ಯಾಮೆರಾದಿಂದಾನೂ ಅಲ್ಲ. ನಾನು ನೋಡ್ತಾ ಇರ್ಲಿಲ್ಲ. ಕಾಲೂ ಬ್ರೇಕ್ ಮೇಲೆ ಇರ್ಲಿಲ್ಲ."

ಅವರು ಕಟ್ಟು ಕಟ್ಟುವುದನ್ನು ನಿಲ್ಲಿಸಲಿಲ್ಲ. "ನಂಗೆ ಗೊತ್ತು ಬಿಡಿ. ಎದ್ರುಗಡೆ ಇದ್ದೋಳು ನಾನು. ನಿಮ್ಮ ತಲೆ ಬಗ್ಗಿತ್ತು. ಆಮೇಲೆ ನೆಲದ ಮೇಲೆ ಬಿದ್ದಿದ್ನಲ್ಲ, ನೀವು ಇಳಿದಾಗ ಕಂಡಿದ್ದು ನಿಮ್ಮ ಕಾಲೇ. ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರ್ಲಿಲ್ಲ. ಆ ವಯಸ್ಸಾದೋರು ಬಂದಾಗ ಅವ್ರಿಗೂ ಇದ್ನೇ ಹೇಳಿದ್ದೆ."

"ಯಾವ ವಯಸ್ಸಾದೋರು?"

"ನಿಮ್ಗೆ ಕಾರು ಕಲ್ಸಿದೋರಂತೆ. ನನ್ನ ಕಾಲಿಗೆ ಇನ್ನೂ ಬ್ಯಾಂಡೇಜ್ ಇತ್ತು, ಆಗ ಮನೆಗೆ ಬಂದಿದ್ರು. ಗಂಧ ಇಟ್ಟೋನು ನಾನು, ಕ್ಷಮಿಸಮ್ಮಾ ಅಂದ್ರು. ನೀವ್ಯಾಕೆ ಸ್ವಾಮಿ ಕೈ ಮುಗೀತೀರಾ ಅಂತ ನಾನು ಇದ್ದಿದ್ದು ಹೇಳ್ದೆ. ಚಪ್ಪಲಿ ವಿಷ್ಯ ಮಾತ್ರ ಎರಡೆರಡು ಸಲ ಕೇಳಿದ್ರು. ಹಂಗಾದ್ರೆ ನಾನು ಕಲ್ಸಿದ್ದೇ ಸರಿ ಇಲ್ಲಮ್ಮಾ ಅಂದ್ಬಿಟ್ಟು ಎದ್ದು ಹೋದ್ರು."

ಅವರು ಪಾಠ ನಿಲ್ಲಿಸಿದ್ದು ಗಂಧದ ಕೊರಗಿನಿಂದಲ್ಲ. ನಾನು ಹಾಸಿಗೆಯ ಪಕ್ಕ ಕೂತು ಅಳುತ್ತಾ ಹೇಳಿದ್ದೆಲ್ಲ ಅವರಿಗೆ ಎಷ್ಟೋ ಮೊದಲೇ ಗೊತ್ತಿತ್ತು, ನಾನಾಗಿ ಬಂದು ಹೇಳಲಿ ಎಂದು ಕಾದಿದ್ದರು. ಅಮ್ಮಾ ಎನ್ನುತ್ತಿದ್ದವರು ಮೇಡಂ ಎನ್ನತೊಡಗಿದ್ದೂ ಆಗಿನಿಂದಲೇ. ಲೈಸೆನ್ಸ್ ಇನ್ನೂ ಸಿಗದವರನ್ನು ಮಾತ್ರ ಅವರು ಹಾಗೆ ಕರೆಯುತ್ತಿದ್ದರು.