ವಾಲಗದ ಗಾಡಿಯಲ್ಲಿ ಅಪ್ಪನ ಜೊತೆ

ಮೈಸೂರಿನಿಂದ ಬಳ್ಳಾರಿಗೆ ಹೋಗುವ ಸರ್ಕಾರಿ ಬಸ್ಸನ್ನು ಬೆಳಗಿನ ಜಾವವೇ ಹತ್ತಿದೆ. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಆದರೆ ನನ್ನ ಮುಖ ನೋಡಿದವರಿಗೆ ಕಾರ್ಡ್ ಒಂದೇ ಸಾಕಾಗುವುದಿಲ್ಲ. ಕಂಡಕ್ಟರ್ ಹಿಂದಿಯಲ್ಲಿ ಎಲ್ಲಿಗೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಹಿರಿಯೂರು ಎಂದೆ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕನ್ನಡ ಚೆನ್ನಾಗಿ ಮಾತಾಡ್ತೀಯಮ್ಮ" ಎಂದರು. "ನೀವೂ ಚೆನ್ನಾಗಿ ಮಾತಾಡ್ತೀರ ಸರ್" ಎಂದೆ. ಪಕ್ಕದಲ್ಲಿದ್ದ ಹೆಂಗಸು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಹದಿನೇಳು ವರ್ಷದಿಂದ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ.

ನನ್ನ ಹೆಸರು ಇಬಾ. ಅಮ್ಮ ಶಿಲ್ಲಾಂಗ್ ಕಡೆಯ ಖಾಸಿ ಜನಾಂಗದವಳು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಪ್ಪ ತಿಪ್ಪೇಸ್ವಾಮಿ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಕಡೆಯವನು. ಸೇನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ. ಯುದ್ಧ ಬಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಗಾಯಾಳುಗಳ ಸ್ಟ್ರೆಚರ್ ಹೊರುತ್ತಾರೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕಾರ್ಗಿಲ್‌ನಲ್ಲಿ ಅಪ್ಪ ಅದನ್ನೇ ಮಾಡಿದ. ಆಗ ಅವನು ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ. ಆಮೇಲೆ ಶಿಲ್ಲಾಂಗ್‌ಗೆ ವರ್ಗವಾಗಿ ಅಮ್ಮನನ್ನು ಕಂಡ, ಮದುವೆಯಾದ, ಸೇನೆ ಬಿಟ್ಟು ಮೈಸೂರಿಗೆ ಬಂದ. ನನಗೆ ನಾಲ್ಕು ವರ್ಷವಿದ್ದಾಗ ನಮ್ಮನ್ನೂ ಬಿಟ್ಟು ಹೋದ. "ಅವನಿಗೆ ನಮ್ಮ ಜೊತೆ ಇರೋಕೆ ಆಗಲಿಲ್ಲ" ಎಂಬುದಷ್ಟೇ ಅಮ್ಮನ ವಿವರಣೆ.

ಮುಂದಿನ ತಿಂಗಳು ನಾನು ನರ್ಸಿಂಗ್ ಓದಲು ಶಿಲ್ಲಾಂಗ್‌ಗೆ, ಅಜ್ಜಿಯ ಮನೆಗೆ ಹೋಗುತ್ತೇನೆ. ಅಲ್ಲಿ ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು, ಹೆಸರಿಗೆ ಅಂಟಿಕೊಳ್ಳುವುದೂ ತಾಯಿಯ ಮನೆತನವೇ. ಅಪ್ಪನ ಹೆಸರಿಲ್ಲದೆಯೂ ಬದುಕು ನಡೆದುಹೋಗುತ್ತದೆ. ಆದ್ದರಿಂದ ಕೇಳುವುದಿದ್ದರೆ ಈಗಲೇ ಕೇಳಬೇಕಿತ್ತು: ನಾಲ್ಕು ಜನರ ಮುಂದೆ ನನ್ನನ್ನು ಮಗಳು ಎನ್ನುವ ಅಪ್ಪ ಒಬ್ಬ ಇದ್ದಾನೋ ಇಲ್ಲವೋ. ಅವನ ನಂಬರ್ ಅಮ್ಮನ ಹತ್ತಿರ ಮೊದಲಿನಿಂದಲೂ ಇತ್ತಂತೆ. ಫೋನಿನಲ್ಲಿ ಅಪ್ಪ ಹೇಳಿದ್ದು ಇಷ್ಟು: "ಲಗ್ನದ ಸೀಸನ್ನು, ನಾನು ಊರಾಗೆ ಸಿಗಲ್ಲ. ಹಿರಿಯೂರಿಗೆ ಬಾ. ಮೂರು ದಿನ ನಮ್ ವಾಲಗದ ಗಾಡ್ಯಾಗೆ ತಿರುಗುವಿಯಂತೆ."

ನಾಗಮಂಗಲ, ತುರುವೇಕೆರೆ ದಾಟುವವರೆಗೆ ನಿದ್ದೆ ಮಾಡಿದೆ. ಹುಳಿಯಾರಿನ ಆಚೆ ನೆಲದ ಬಣ್ಣ ಬದಲಾಯಿತು, ಕಿಟಕಿಯಿಂದ ಬರುತ್ತಿದ್ದ ಗಾಳಿ ಬಿಸಿಯಾಯಿತು. ಹಿರಿಯೂರಿನಲ್ಲಿ ಇಳಿದಾಗ ನೆತ್ತಿ ಸುಡುವ ಬಿಸಿಲು. ಅಪ್ಪ ಹೇಳಿದ್ದ ಕಲ್ಯಾಣಮಂಟಪಕ್ಕೆ ಆಟೊದಲ್ಲಿ ಹೋದೆ. ಬಾಗಿಲಿಗೆ ಬರುವ ಹೊತ್ತಿಗೆ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ" ಎಂದು ಕೂಗಿದರು. ತಾಳಿ ಕಟ್ಟುವ ಗಳಿಗೆಯಲ್ಲಿ ಕೆಟ್ಟ ಸದ್ದೊಂದೂ ಕಿವಿಗೆ ಬೀಳಬಾರದೆಂದು ವಾಲಗದವರು ಜೀವ ಬಿಟ್ಟು ನುಡಿಸುತ್ತಾರಲ್ಲ, ಅದು. ಡೋಲಿನ ಪಕ್ಕದಲ್ಲಿ ಕುಳಿತು, ಕಣ್ಣು ಮುಚ್ಚಿ ಕ್ಲಾರಿನೆಟ್ ಊದುತ್ತಿದ್ದ ನರೆಗೂದಲಿನ ಮನುಷ್ಯನೇ ಅಪ್ಪ. ಅಮ್ಮನ ಹತ್ತಿರವಿದ್ದ ಫೋಟೊದಲ್ಲಿದ್ದುದಕ್ಕಿಂತ ಸಣ್ಣ ಆಳಾಗಿ ಕಂಡ.

ತಾಳಿ ಕಟ್ಟಿದ ಮೇಲೆ ಒಂದು ವಿಚಿತ್ರ ನೋಡಿದೆ. ಡೋಲಿನವರು ಬಾಗಿಲ ಕಡೆ ಕಣ್ಣು ಹಾಯಿಸಿ, ಕೋಲಿನಿಂದ ಡೋಲಿನ ಅಂಚಿಗೆ ಟಕ್ ಟಕ್ ಎಂದು ಬಡಿದರು. ಅಪ್ಪ ವಾದ್ಯ ಕೆಳಗಿಟ್ಟು ಎರಡು ಕೈಯಲ್ಲೂ ಮಂಡಿ ಹಿಡಿದುಕೊಂಡ. ಮರುಕ್ಷಣ ಹೊರಗೆ ಪಟಾಕಿ ಸಿಡಿಯಿತು. ಅಪ್ಪನ ಹಣೆಯಲ್ಲಿ ಬೆವರು ಕಿತ್ತುಕೊಂಡಿತು, ಆದರೆ ಕುಳಿತಲ್ಲಿಂದ ಅಲುಗಲಿಲ್ಲ.

ವಾದ್ಯ ಕಟ್ಟಿಟ್ಟು ಬಂದ ಅಪ್ಪ ನನ್ನನ್ನು ನೋಡಿ, "ಬಂದ್ಯಾ? ಉಣ್ಣಾಕೆ ನಡಿ" ಎಂದಷ್ಟೇ ಹೇಳಿದ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತ ಡೋಲಿನವರು ತಾವೇ ಮಾತಿಗೆ ಶುರು ಮಾಡಿದರು. ಹೆಸರು ಈರಣ್ಣ, ಹೊಸದುರ್ಗದವರು, ಬಾಯಿತುಂಬ ಎಲೆಯಡಿಕೆ. "ಸದ್ದು ಗೊತ್ತಿದ್ದು ಬಂದ್ರೆ ತಡ್ಕಂತಾನೆ ತಾಯಿ. ಗೊತ್ತಿಲ್ದೆ ಬಂದ್ರೆ ಆಗಲ್ಲ. ಅದಕ್ಕೇ ಪಟಾಕಿ ಯಾರ್ ಕೈಯಾಗೈತೆ ಅಂತ ಮೊದ್ಲೇ ಕೇಳಿಟ್ಕಂತೀನಿ" ಎಂದರು. ಬಡಿಸಲು ಬಂದ ಹೆಂಗಸು ನನ್ನನ್ನು ನೋಡಿ, "ಇದ್ಯಾರ್ರಿ ಈ ಹುಡುಗಿ, ಚೀನಾದೋಳ ಇದ್ದಂಗವ್ಳೆ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಎಲೆಯಿಂದ ಕಣ್ಣೆತ್ತದೆ, "ನಮ್ ಕಡೇರು" ಎಂದ. ಬೀಗರನ್ನೂ ಹೀಗೇ ಕರೆಯಬಹುದು, ಬಾಡಿಗೆ ಆಟೊದವನನ್ನೂ ಕರೆಯಬಹುದು. ಹೋಳಿಗೆಯನ್ನು ಹಾಗೇ ಬಿಟ್ಟು ಎಲೆ ಮಡಚಿದೆ.

ಸಂಜೆ ಗೂಡ್ಸ್ ಆಟೊದ ಹಿಂದೆ ವಾದ್ಯಗಳ ಜೊತೆ ಕುಳಿತು ಹೊಸದುರ್ಗಕ್ಕೆ ಹೊರಟೆವು. ಐವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಮಾರಿಕಣಿವೆ ಜಲಾಶಯದ ನೀರು ಒಂದಿಷ್ಟು ದೂರ ಕಂಡು ಮರೆಯಾಯಿತು. ಮೈಕೈ ನೋಯುತ್ತಿತ್ತು, ಬಾಯಲ್ಲಿ ಮಣ್ಣು. ಧೈರ್ಯ ಮಾಡಿ ಕೇಳಿಯೇಬಿಟ್ಟೆ: "ನಮ್ಮನ್ನ ಯಾಕೆ ಬಿಟ್ಟು ಹೋದ್ರಿ?" ಅಪರಿಚಿತನಿಗೆ ಹೇಳುವ ಹಾಗೆ ಬಹುವಚನವೇ ಬಾಯಿಗೆ ಬಂತು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಮಡಿಲಿಗೆ ಹಾಕಿ, "ಗಾಳಿ ಭಾಳ ಐತೆ, ತಲೆಗೆ ಕಟ್ಕ" ಎಂದ. ಕಟ್ಟಿಕೊಂಡೆ. ಇನ್ನೇನು ಮಾಡಲಿ? ಆ ರಾತ್ರಿ ಈರಣ್ಣನ ಮನೆಯಲ್ಲಿ ಮುದ್ದೆ, ಹುರುಳಿಕಾಳು ಸಾರು ಉಂಡು ಸತ್ತವಳಂತೆ ಮಲಗಿದೆ.

ಎರಡನೆಯ ದಿನದ ಮದುವೆ ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ. ಬೆಳಿಗ್ಗೆ ಮದುಮಗನನ್ನು ಊರ ಬಾಗಿಲಿನಿಂದ ಮೆರವಣಿಗೆಯಲ್ಲಿ ಕರೆತರಬೇಕಿತ್ತು. ಮುಂದೆ ವಾಲಗ, ಹಿಂದೆ ಗಂಡಿನವರು. ಈರಣ್ಣ ಎಂದಿನಂತೆ ವಿಚಾರಿಸಿ ಬಂದು, "ಪಟಾಕಿ ಇರೋದು ಹೆಣ್ಣಿನ ಮನೆ ಬಾಗಿಲಾಗೆ ಅಂತೆ, ಅಲ್ಲೀತಂಕ ಯೋಚ್ನೆ ಇಲ್ಲ" ಎಂದರು. ನಾನು ಅಪ್ಪನ ಪಕ್ಕದಲ್ಲೇ ನಡೆಯುತ್ತಿದ್ದೆ. ಬೆಳಗಿನ ಬಿಸಿಲಲ್ಲಿ ಕ್ಲಾರಿನೆಟ್ ಬಹಳ ಇಂಪಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಮದುಮಗನ ಗೆಳೆಯರೂ ಒಂದು ಸರ ಪಟಾಕಿ ತಂದಿದ್ದರು. ಅದು ಯಾರಿಗೂ ಗೊತ್ತಿರಲಿಲ್ಲ. ನಮ್ಮ ಬೆನ್ನ ಹಿಂದೆಯೇ ಹಚ್ಚಿದರು.

ಮೊದಲ ಸದ್ದಿಗೇ ಅಪ್ಪ ನನ್ನನ್ನು ಎಳೆದುಕೊಂಡು ಗೋಡೆ ಪಕ್ಕದ ಒಣ ಚರಂಡಿಗೆ ಬಿದ್ದ. ಮೈಮೇಲೆ ಕವುಚಿಕೊಂಡು, ಎಡಗೈಯಿಂದ ನನ್ನ ಬಾಯಿ, ಮೂಗು ಎರಡನ್ನೂ ಅದುಮಿ ಹಿಡಿದ. ಆ ಅಂಗೈಗೆ ವಾದ್ಯದ ಲೋಹದ ವಾಸನೆ. ಚಿಕ್ಕಂದಿನಿಂದ ನನಗೆ ಒಂದು ಕೆಟ್ಟ ಕನಸು ಬೀಳುತ್ತದೆ: ಕತ್ತಲು, ಬಾಯಿ ಮುಚ್ಚಿದ ಕೈ, ಇದೇ ವಾಸನೆ. ಅದು ಕನಸಲ್ಲ ಎಂದು ಆ ಚರಂಡಿಯಲ್ಲಿ ಗೊತ್ತಾಯಿತು. ಉಸಿರು ಕಟ್ಟಿತು. ಹೆದರಿಕೆಯಾಯಿತು. ಬಾಯಿ ತೆರೆದು ಅವನ ಹೆಬ್ಬೆರಳ ಬುಡವನ್ನು ರಕ್ತ ಬರುವಂತೆ ಕಚ್ಚಿದೆ. ಅಪ್ಪ ಕೈ ಕಿತ್ತುಕೊಂಡು ನನ್ನ ಮುಖ ನೋಡಿದ. ತಾನು ಎಲ್ಲಿದ್ದೇನೆಂದು ಅವನಿಗೆ ಆಗ ತಿಳಿದಿರಬೇಕು.

ಗಂಡಿನ ಕಡೆಯವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಈರಣ್ಣ ಆ ಹುಡುಗರಿಗೆ ಬಾಯಿಗೆ ಬಂದಂತೆ ಬೈದು, ಅಪ್ಪನ ಕೈಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. "ಲೇ ತಿಪ್ಪೇಶಿ, ಆಗ್ತೈತೇನೋ?" ಎಂದರು. ಅಪ್ಪ ತಲೆಯಾಡಿಸಿದ. ಮುಹೂರ್ತ ಯಾರಿಗೂ ಕಾಯುವುದಿಲ್ಲ. ಆ ಕೈಯಲ್ಲೇ ಗಟ್ಟಿಮೇಳ ನುಡಿಸಿದ. ನಾನು ಕಂಬಕ್ಕೆ ಒರಗಿ ಕುಳಿತು, ಚರಂಡಿಯಲ್ಲಿ ಒಡೆದ ತುಟಿಯನ್ನು ಒರೆಸಿಕೊಂಡೆ.

ಮಧ್ಯಾಹ್ನ ಹೊಳಲ್ಕೆರೆಗೆ ಬಂದೆವು. ಅಪ್ಪನದು ಅಲ್ಲಿ ಒಂದು ಬಾಡಿಗೆ ಕೋಣೆ. ಚಾಪೆ, ಸ್ಟವ್, ಗೋಡೆಗೆ ಒತ್ತಿಟ್ಟ ಕ್ಲಾರಿನೆಟ್ ಪೆಟ್ಟಿಗೆ. ಮನೆ ಓನರ್ ಅಜ್ಜಿ ರಾತ್ರಿ ನನಗೆ ತಮ್ಮ ಮನೆಯಲ್ಲಿ ಹಾಸಿಗೆ ಹಾಕುವುದಾಗಿ ಹೇಳಿ ಹೋದರು. ಅಪ್ಪ ಬಾಗಿಲಲ್ಲಿ, ನನ್ನಿಂದ ದೂರದಲ್ಲಿ ಕುಳಿತ. ಕೇಳದೆಯೇ ಹೇಳತೊಡಗಿದ.

"ನಿಂಗೆ ನಾಲ್ಕು ವರ್ಷ. ದೀಪಾವಳಿ. ನಿಮ್ಮಮ್ಮ ಡ್ಯೂಟಿಗೋಗಿದ್ಲು. ಹೊರಗೆ ಸರ ಹಚ್ಚಿದ್ರು. ನಿನ್ನ ಎಳ್ಕಂಡು ಮಂಚದ ಕೆಳಗೋದೆ. ನೀನು ಅಳ್ತಿದ್ದೆ. ಅತ್ರೆ ವೈರಿಗಳಿಗೆ ಗೊತ್ತಾಗ್ತೈತೆ ಅಂತ ಬಾಯಿ ಮುಚ್ಚಿದೆ. ಯಾರಿಗೆ ಗೊತ್ತಾಗ್ಬೇಕು, ಅಲ್ಲಿ ಯಾರಿದ್ರು? ಅದೆಲ್ಲ ಆಗ ನಂಗೆ ತಿಳೀಲಿಲ್ಲ. ನಿಮ್ಮಮ್ಮ ಬಂದು ನನ್ ಕೈ ಬಿಡ್ಸಿದಾಗ ನಿನ್ ತುಟಿ ನೀಲಿಯಾಗಿತ್ತು. ಬಾಯಿಗೆ ಬಾಯಿಟ್ಟು ಊದಿ ಊದಿ ಉಸಿರು ಬರ್ಸಿದ್ಲು. ಮಾರನೇ ದಿನ ನಾನು ಬಸ್ ಹತ್ತಿದೆ."

ಕೈಗೆ ಕಟ್ಟಿದ ಬಟ್ಟೆ ಬಿಗಿ ಮಾಡಿಕೊಂಡು ಮತ್ತೆ ಹೇಳಿದ: "ಮಾತ್ರೆ ತಗಂತೀನಿ, ಈಗ ಎಷ್ಟೋ ವಾಸಿ. ಆದ್ರೂ ಇವತ್ತು ನೋಡಿದ್ಯಲ್ಲ. ಇನ್ಮೇಲೆ ಬರಬ್ಯಾಡ. ನಿನ್ ಓದು ನೋಡ್ಕ."

ಅಷ್ಟು ದೂರದಿಂದ ಬಂದಿದ್ದು ಇದನ್ನು ಕೇಳುವುದಕ್ಕೆ! ಅವನ ಮೇಲೆ ಕನಿಕರ ಹುಟ್ಟಿತ್ತು, ನಿಜ. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂತು. "ಹದಿಮೂರು ವರ್ಷ ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ? ಫೋನಲ್ಲಿ ಬಾಯಿ ಮುಚ್ಚೋಕಾಗುತ್ತಾ?" ಎಂದೆ. ಬಹುವಚನ ಎಲ್ಲಿ ಹೋಯಿತೋ. "ನಾಲ್ಕು ವರ್ಷದವಳಿಗೆ ಕಚ್ಚೋಕೆ ಬರ್ತಿರಲಿಲ್ಲ. ಈಗ ಬರುತ್ತೆ. ನಿನ್ನ ಕೈ ನೋಡ್ಕೋ. ನನ್ನನ್ನ ನಾನು ನೋಡ್ಕೋತೀನಿ, ನೀನು ಜನರ ಮುಂದೆ ಇವಳು ನನ್ನ ಮಗಳು ಅಂತ ಹೇಳಿದರೆ ಸಾಕು."

ಅಪ್ಪ ಕೈ ನೋಡಿಕೊಂಡ. ಎದ್ದು ಹೊರಗೆ ಹೋದ. ಓಡಿಹೋದ ಎಂದುಕೊಂಡು ಅತ್ತೆ. ಹೋಗಿದ್ದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರುವುದಕ್ಕೆ. ಇಬ್ಬರೂ ತಿಂದೆವು. ಖಾರಕ್ಕೆ ನನ್ನ ಒಡೆದ ತುಟಿ ಧಗಧಗ ಉರಿಯಿತು.

ಮೂರನೆಯ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿ ತಂದಿಟ್ಟವರು, "ಕೈಗೇನಾತ್ರಿ ತಿಪ್ಪೇಸಾಮಣ್ಣ?" ಎಂದರು. "ತಗಡು ಕುಯ್ತು" ಎಂದ ಅಪ್ಪ. "ಈ ಮಗು ಯಾರು?" "ನಮ್ ಕಡೇರು." ನಾನು ತಟ್ಟೆ ಸರಿಸಿ ಕೈ ತೊಳೆದೆ. ಉತ್ತರ ಸಿಕ್ಕಿತು, ಇನ್ನು ಅಜ್ಜಿಯ ಮನೆಗೆ ಹೋದರಾಯಿತು ಎಂದುಕೊಂಡೆ. ಜಗಳವಾಡುವ ಶಕ್ತಿಯೂ ಉಳಿದಿರಲಿಲ್ಲ.

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಖಾಸಗಿ ಬಸ್, ಮೂವತ್ತು ಚಿಲ್ಲರೆ ಕಿಲೋಮೀಟರ್. ನನಗೂ ಸೇರಿಸಿ ಅಪ್ಪನೇ ಟಿಕೆಟ್ ತೆಗೆದ. ಬೆಟ್ಟಗಳ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು.

ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮೈಸೂರು ಬಸ್ಸಿಗೆ ಇನ್ನೂ ಹೊತ್ತಿತ್ತು. ಟೀ ಅಂಗಡಿಗೆ ಹೋದೆವು. ಅಂಗಡಿಯವರಿಗೆ ಅಪ್ಪನ ಪರಿಚಯ ಚೆನ್ನಾಗಿತ್ತು, ಮಗನ ಮದುವೆಗೆ ಇವರದೇ ವಾಲಗವಂತೆ. ಟೀ ಲೋಟ ಕೊಡುತ್ತಾ, "ಕೈಗೇನಪ್ಪ ಬಟ್ಟೆ ಕಟ್ಟೀಯ?" ಎಂದರು. ನಾನು ಬೇರೆ ಕಡೆ ತಿರುಗಿದೆ. ತಗಡಿನ ಕಥೆ ಇನ್ನೊಮ್ಮೆ ಕೇಳುವುದು ಬೇಡವಾಗಿತ್ತು.

ಅಪ್ಪ ಲೋಟವನ್ನು ಕಟ್ಟೆಯ ಮೇಲಿಟ್ಟ. ಆಮೇಲೆ ಹೇಳಿದ: "ನನ್ ಮಗಳು ಕಚ್ಚಿದ್ಲು."

"ಮಗಳಾ? ನಿಂಗೆಲ್ಲಿ ಮಗಳೋ?"

"ಇವ್ಳೇ."

ಅವರು ಅಪ್ಪನ ಕೈ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕೈ ನೋಡಿದರು. "ಯಾಕವ್ವಾ ಕಚ್ದೆ?" ಎಂದು ನನ್ನನ್ನು ಕೇಳಿದರು. ಅಪ್ಪನೇ ಉತ್ತರ ಕೊಟ್ಟ: "ತಪ್ಪು ನಂದೇ ಬಿಡ್ರಿ. ಅವ್ಳು ಸರಿಯಾಗೇ ಕಚ್ಚಿದ್ಲು."

ಬಸ್ ಬಂತು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಿಂದೆ ಕೋಟೆಯ ಬಂಡೆಗಳು ಆಗಲೇ ಬಿಸಿಲಿಗೆ ಕಾಯತೊಡಗಿದ್ದವು. ಅಪ್ಪ ಕೈ ಬೀಸಲಿಲ್ಲ, ಹತ್ತಿರವೂ ಬರಲಿಲ್ಲ. ಬಟ್ಟೆ ಕಟ್ಟಿದ ಕೈಯಿಂದ ನನ್ನ ಕಿಟಕಿಯನ್ನು ತೋರಿಸುತ್ತಾ ಟೀ ಅಂಗಡಿಯವರಿಗೆ ಏನೋ ಹೇಳುತ್ತಿದ್ದ. ಮೂರು ದಿನದಲ್ಲಿ ನನ್ನ ಹತ್ತಿರ ಒಂದೇ ಸಲ ಬಾಯಿಬಿಟ್ಟಿದ್ದ ಮನುಷ್ಯ, ಬಸ್ಸು ತಿರುಗಿ ಮರೆಯಾಗುವವರೆಗೂ ನನ್ನ ಬಗ್ಗೆ ಹೇಳುತ್ತಲೇ ಇದ್ದ.