ಬೆಲೆ ಕೇಳದ ವ್ಯಾಪಾರ

ಮೊನ್ನೆ ತಿರುವನಂತಪುರದ ಪಟ್ಟಂನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಮೊಮ್ಮಗಳು ಪಕ್ಕದ ಅಂಗಡಿಯೊಳಗೆ ನುಗ್ಗಿದಳು. ಗಾಜಿನ ಪೆಟ್ಟಿಗೆಯಲ್ಲಿ ಹಸಿರು ಹಲ್ಲಿಯಂಥದೊಂದು ಪ್ರಾಣಿ, ಯಾವುದೋ ದೂರದೇಶದ್ದಂತೆ. "ಅಜ್ಜಾ, ವಿಲ ಎಷ್ಟು ಕೇಳಿ," ಎಂದಳು, ಅರ್ಧ ಮಲಯಾಳದಲ್ಲಿ. ಪುಕ್ಕಟೆ ಸಿಗುವ ಕರಿಬೇವಿಗೂ ಬೆಲೆ ಕೇಳುವವ ನಾನು. ತೆರೆದ ಬಾಯಿ ಮುಚ್ಚಿಕೊಂಡೆ.

ಅರವತ್ತರ ದಶಕದ ಕೊನೆಗೆ ನಾನು ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಹಡಗಿನ ಹಳೇ ಸಾಮಾನು ಕೊಂಡು ಮಾರುತ್ತಿದ್ದೆ. ಹಗ್ಗ, ಲಾಟೀನು, ತುಕ್ಕು ಹಿಡಿದ ಸರಪಳಿ. ಕುಂದಾಪುರದಿಂದ ಬರಿಗೈಯಲ್ಲಿ ಬಂದವನಿಗೆ ನಾಲಿಗೆಯೇ ಬಂಡವಾಳ. ನಿಮಗೂ ತಿಳಿದಿರಲಿ: ಬೇಕಾದ ವಸ್ತುವನ್ನು ಕೊನೆಗೆ ನೋಡಬೇಕು, ಅಲ್ಲಿವರೆಗೆ ಬೇಡದ್ದನ್ನೇ ಮುಟ್ಟಿ ಮುಟ್ಟಿ ನೋಡುತ್ತಿರಬೇಕು.

ನನಗೆ ಹಗ್ಗ ತರುತ್ತಿದ್ದ ವರ್ಕಿ ಒಂದು ದಿನ ಚೀಲದಿಂದ ಕಾಡುಪಾಪವನ್ನು ತೆಗೆದ. ಬಾಲವಿಲ್ಲ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು.

"ನೀವು ಬೇಡ ಅಂದ್ರೆ ಹಡಗಿನವನು ತಗೊಳ್ತಾನೆ ಸಾರೇ. ಕೋಟಿನ ಜೇಬಲ್ಲಿ ಹೋಗ್ತದೆ."

"ಜೇಬಲ್ಲಿ ಅದು ಬದುಕ್ತದಾ? ತಕ್ಕೊಳ್ಳಿ ಮಾರಾಯ್ರೆ," ಎಂದಳು ನನ್ನ ಹೆಂಡತಿ ಶಾರದೆ.

ತಕ್ಕೊಂಡೆ, ವರ್ಕಿ ಬೆವರುವಷ್ಟು ಚೌಕಾಶಿ ಮಾಡಿ.

ಹಗಲಿಡೀ ಅದು ಉಂಡೆಯಾಗಿ ಮಲಗುತ್ತಿತ್ತು. ಮುಸ್ಸಂಜೆ ಎದ್ದು, ಒಂದು ಕೈ ಎತ್ತಿ, ಇಡಲೋ ಬೇಡವೋ ಎಂದು ಯೋಚಿಸಿ ಇಡುತ್ತಿತ್ತು. ಇಂಥ ನಿಧಾನಿ ಜಿರಲೆ ಹಿಡಿಯುವುದು ಹೇಗೆಂದು ನೋಡಲು ಅಂಗಡಿ ಬೇಗ ಮುಚ್ಚಿ ಬಂದು ಕೂರುತ್ತಿದ್ದೆ; ಹಿಡಿದ ಕ್ಷಣ ಮಾತ್ರ ಕಣ್ಣಿಗೆ ಸಿಕ್ಕಿದ್ದಿಲ್ಲ. ತನ್ನ ಮೂತ್ರವನ್ನೇ ಅಂಗೈಗೆ ತಿಕ್ಕಿಕೊಳ್ಳುತ್ತಿತ್ತು, ಯಾಕೋ. ಶಾರದೆಯ ಬೆರಳು ಸಿಕ್ಕರಂತೂ ಬಿಡದು. "ನಿಮ್ಮ ಹಾಗೇ. ಹಿಡಿದದ್ದನ್ನು ಬಿಡುವ ಜಾತಿ ಅಲ್ಲ," ಎನ್ನುತ್ತಿದ್ದಳು.

ತಿರುವನಂತಪುರದ ಅಕ್ಕನ ಮನೆಗೆ ಹೋಗುವಾಗ ಅದನ್ನು ಬುಟ್ಟಿಯಲ್ಲಿ ಒಯ್ದು ಊರಾಚೆಯ ಕಾಡಿನಲ್ಲಿ ಬಿಟ್ಟೆವು. ಅದು ಮರ ಹತ್ತಿ ಮರೆಯಾಗುವಷ್ಟರಲ್ಲಿ ನಮ್ಮ ಬಸ್ಸು ಹೋಗಿತ್ತು.

ಕೊಚ್ಚಿಗೆ ಮರಳಿದರೆ ಬಾಗಿಲಲ್ಲಿ ವರ್ಕಿ. ಈ ಸಲ ದೊಡ್ಡ ಚೀಲ.

"ನಾಲ್ಕು ಉಂಟು ಸಾರೇ. ಕೊಳ್ಳುವವರಿದ್ದಾರೆ ಅಂತ ಕಾಡಿನ ಕಡೆಯವರಿಗೆ ಹೇಳಿಟ್ಟಿದ್ದೆ. ಒಟ್ಟಿಗೆ ತಗೊಂಡ್ರೆ ಇಳಿಸಿ ಕೊಡ್ತೇನೆ."

ಒಂದನ್ನು ಬಿಡಿಸಿದ ನಾವು ನಾಲ್ಕನ್ನು ಹಿಡಿಸಿದ್ದೆವು. ಇವನ್ನೂ ಕೊಂಡರೆ ಮುಂದಿನ ಸಲ ಬುಟ್ಟಿ ತುಂಬ ಬರುತ್ತವೆ. ಕೊಳ್ಳದಿದ್ದರೆ ಇವು ಹಡಗು ಹತ್ತುತ್ತವೆ. ಶಾರದೆ ನನ್ನ ಮುಖ ನೋಡಿದಳು.

"ಬೇಡ ವರ್ಕಿ. ಎಲ್ಲಿಂದ ಬಂತೋ ಅಲ್ಲೇ ಬಿಟ್ಟು ಬಾ," ಎಂದೆ.

"ಬೆಲೆ ಆದ್ರೂ ಕೇಳಿ ಸಾರೇ."

"ಕೇಳುವುದಿಲ್ಲ."

ಅಷ್ಟರಲ್ಲಿ ಚೀಲದ ಬಾಯಿಂದ ಹೊರಬಂದ ಪುಟ್ಟ ಕೈಯೊಂದು ಶಾರದೆಯ ಸೆರಗು ಹಿಡಿದಿತ್ತು. ಅವಳು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ವರ್ಕಿ ಅವನ್ನು ಕಾಡಿಗೆ ಬಿಟ್ಟನೋ ಹಡಗಿಗೆ ಕೊಟ್ಟನೋ, ಇಂದಿಗೂ ತಿಳಿಯದು. ನನ್ನಲ್ಲಿಗೆ ಮಾತ್ರ ಆಮೇಲೆ ಬರೀ ಹಗ್ಗ ತಂದ. ಅದಕ್ಕೇ ಹೇಳುತ್ತೇನೆ, ಕನಿಕರದಿಂದಲೂ ಬೆಲೆ ಕೇಳಬೇಡಿ. ಮಾರುವವನ ಕಣ್ಣಿಗೆ ನೀವು ಗಿರಾಕಿಯೇ.

"ಕೇಳಿ ಅಜ್ಜಾ," ಎಂದು ಮೊಮ್ಮಗಳು ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ಹೊರಗೆ ಬಸ್ಸು ಬಂತು. ಅವಳ ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು. ವರ್ಕಿ ಚೀಲ ತಂದ ಆ ದಿನ ನಾನು ಮಾಡಿದ್ದು ಬೆಲೆ ಕೇಳದೆ ಇದ್ದದ್ದಷ್ಟೇ. ಬೆರಳು ಬಿಡಿಸುವ ಈ ಕೆಲಸ ಶಾರದೆಯ ಪಾಲಿಗೆ ಬಂದಿತ್ತು.