ಮನೆದೇವರನ್ನು ಕೋರ್ಸು ಕೇಳಲು ಹೋದದ್ದು

ಬೆಳಿಗ್ಗೆ ಏಳಕ್ಕೆಲ್ಲ ಅಜ್ಜಿ ಮತ್ತು ನಾನು ಚಿತ್ರದುರ್ಗದಲ್ಲಿ ಹಿರಿಯೂರು ಬಸ್ಸು ಹತ್ತಿದೆವು. ಜೂನ್ ತಿಂಗಳು. ಮೋಡವಿತ್ತು, ಮಳೆಯಿರಲಿಲ್ಲ, ಗಾಳಿ ಮಾತ್ರ ಅಜ್ಜಿಯ ಸೆರಗನ್ನು ತಲೆಯ ಮೇಲೆ ನಿಲ್ಲಲು ಬಿಡುತ್ತಿರಲಿಲ್ಲ. ಸರ್ಕಾರಿ ಬಸ್ಸಾದ್ದರಿಂದ ಹೆಂಗಸರಾದ ನಮ್ಮಿಬ್ಬರಿಗೂ ಸೊನ್ನೆ ಟಿಕೆಟ್ಟು. ಹೊರಟಿದ್ದು ಹೊಸದುರ್ಗದಾಚೆ ಮತ್ತೋಡಿನ ಕಡೆ ಇರುವ ನಮ್ಮ ಮನೆದೇವರ ಹತ್ತಿರಕ್ಕೆ. ಕೇಳಬೇಕಾಗಿದ್ದದ್ದು ಇಷ್ಟೆ: ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಓದಲೋ, ಬಿಸಿನೆಸ್ ಓದಲೋ? ಸೀಟು ಹಿಡಿಯಲು ಮಾರನೆಯ ದಿನವೇ ಕೊನೆ.

ಪಿಯುಸಿಯಲ್ಲಿ ನಾನು ಕಾಮರ್ಸಿನ ಜೊತೆ ಕಂಪ್ಯೂಟರನ್ನೂ ತೆಗೆದುಕೊಂಡಿದ್ದೆ. ಹಾಗಾಗಿ ಬಿ.ಸಿ.ಎ.ಗೂ ಹೋಗಬಹುದು, ಬಿ.ಕಾಂ.ಗೂ ಹೋಗಬಹುದು. ಎರಡು ಬಾಗಿಲು ತೆರೆದಿದ್ದರೆ ಸುಖ ಅಂತೀರಾ? ಒಂದು ತಿಂಗಳಿಂದ ನನಗೆ ಸರಿಯಾಗಿ ನಿದ್ದೆಯಿರಲಿಲ್ಲ. ಅಪ್ಪಾಜಿಯದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಅಲ್ಲಿ ಕೂತು ಮಾರುವುದೆಂದರೆ ನನಗೆ ಇಷ್ಟ. ಅವರಿಗೆ ನಾನು ಕಂಪ್ಯೂಟರನ್ನೇ ಓದಬೇಕು. "ಬಕೆಟ್ ಮಾರಾಕೆ ಡಿಗ್ರಿ ಯಾಕೆ ಬೇಕು?" ಎಂದು ಗಿರಾಕಿಗಳೆದುರೇ ನಗುತ್ತಿದ್ದರು.

ಬಿ.ಕಾಂ. ಎಂದು ಗಟ್ಟಿಯಾಗಿ ಹೇಳಿಬಿಡಬಹುದಿತ್ತು. ಆದರೆ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕಂಪ್ಯೂಟರಿನ ಮುಂದೆ ಕೈ ಮರಗಟ್ಟಿ, ಒಂದು ಸಾಲೂ ಬರೆಯಲಾಗದೆ ನಾನು ಅತ್ತಿದ್ದು ಮನೆಯವರಿಗೆಲ್ಲ ಗೊತ್ತು. ಹೆದರಿ ಓಡಿದಳು ಅಂತಾರೆ. ಅವರು ಅನ್ನುವುದಿರಲಿ, ಅದು ನಿಜವೇ ಇರಬಹುದಲ್ಲ ಎಂದು ನನಗೇ ಅನುಮಾನ. ಬಿ.ಕಾಂ. ಹಿಡಿಯುತ್ತಿರುವುದು ಅಂಗಡಿಯ ಮೇಲಿನ ಇಷ್ಟಕ್ಕೋ, ಕಂಪ್ಯೂಟರಿನ ಭಯಕ್ಕೋ? ಜಗಳ ಬಗೆಹರಿಯದೆ ಅಪ್ಪಾಜಿಯೇ ಹೇಳಿದ್ದರು: "ಹೋಗಿ ಹೂ ಕೇಳ್ಕಂಡು ಬರ್ರಿ. ದೇವ್ರು ಹೇಳ್ದಂಗೆ ಆಗ್ಲಿ."

ಹಿರಿಯೂರು ನಲವತ್ತು ಕಿಲೋಮೀಟರಿನಷ್ಟು ದೂರ. ದಾರಿಯುದ್ದಕ್ಕೂ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಸುತ್ತಾದರೂ ಈ ದಾರಿ ಹಿಡಿದದ್ದು ದೊಡ್ಡಪ್ಪನ ಮನೆಗೆ ಹೋಗಲು. ಅವರಿಗೆ ಬಬ್ಬೂರು ಫಾರಂನಲ್ಲಿ ಕೆಲಸ, ಮನೆಯೂ ಅಲ್ಲೇ ಪಕ್ಕದಲ್ಲಿ. ಅವರ ಮಗಳು ಶೋಭಕ್ಕ ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದಳು. ಉಪ್ಪಿಟ್ಟು ತಿನ್ನಿಸಿ, ಲ್ಯಾಪ್‌ಟಾಪ್ ತೆಗೆದು ನನ್ನ ಮುಂದಿಟ್ಟಳು. "ಕುಂತ್ಕಳೆ. ಪರೀಕ್ಷೇಲಿ ಬಿಟ್ಟು ಬಂದ್ಯಲ್ಲ, ಅದೇ ಪ್ರೋಗ್ರಾಂ ಬರಿ. ಇಲ್ಲಿ ಯಾರೂ ಮಾರ್ಕ್ಸ್ ಹಾಕಲ್ಲ."

ಬರೆಯಲು ಕೂತೆ. ಎರಡು ಸಲ ತಪ್ಪು ತೋರಿಸುವ ಕೆಂಪು ಅಕ್ಷರಗಳು ಬಂದವು. ಮೂರನೆಯ ಸಲ ಪ್ರೋಗ್ರಾಂ ಓಡಿತು.

"ನೋಡ್ದಾ? ಬರ್ತೈತೆ ನಿಂಗೆ! ಸುಮ್ಸುಮ್ನೆ ಹೆದರಿ ಸಾಯ್ತೀಯ," ಎಂದು ಶೋಭಕ್ಕ ಬೆನ್ನಿಗೆ ಗುದ್ದಿದಳು.

ಖುಷಿಯಾಗಬೇಕಿತ್ತು. ಹಲ್ಲು ಕೀಳಿಸಿಕೊಂಡು ಹೊರಗೆ ಬಂದಷ್ಟು ಹಗುರವಾಯಿತು, ಅಷ್ಟೆ. ಇನ್ನೊಂದು ಬರೆಯೋಣ ಅಂತ ಒಂದು ಚೂರೂ ಅನ್ನಿಸಲಿಲ್ಲ. ಜೊತೆಗೆ ಹೊಸ ಭಯ ಶುರುವಾಯಿತು. ಇಷ್ಟು ದಿನ "ನಂಗೆ ಬರಲ್ಲ" ಅನ್ನುವ ಒಂದು ನೆವವಾದರೂ ಇತ್ತು, ಈಗ ಅದೂ ಹೋಯಿತು.

ಹಿರಿಯೂರಿನಿಂದ ಹೊಸದುರ್ಗಕ್ಕೆ ಸಿಕ್ಕಿದ್ದು ಪ್ರೈವೇಟ್ ಬಸ್ಸು. ಕಂಡಕ್ಟರು ಕಾಸು ಕೇಳಿದ್ದೇ ಅಜ್ಜಿ ತಿರುಗಿಬಿದ್ದಳು. "ಬೆಳಿಗ್ಗೆ ಪುಗಸಟ್ಟೆ ಬಂದೀನಿ, ನಿಂದ್ಯಾವ ಸೀಮೆ ಬಸ್ಸಪ್ಪ?"

"ನಮ್ ಓನರ್ರು ಸರ್ಕಾರ ಅಲ್ಲಜ್ಜಿ. ತೆಗೀರಿ, ತೆಗೀರಿ."

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ವಾಣಿವಿಲಾಸ ಸಾಗರದ ಹತ್ತಿರ ಎಲ್ಲರೂ ನೀರು ನೋಡಲು ಕಿಟಕಿಗೆ ಬಗ್ಗಿದರೆ, ಅಜ್ಜಿ ನನ್ನ ಕಿವಿಗೆ ಬಗ್ಗಿ ಪಾಠ ಹೇಳಿಕೊಟ್ಟಳು. "ಬಲಗಡೆ ಹೂ ಬಿದ್ರೆ ಹೌದು, ಎಡಗಡೆ ಬಿದ್ರೆ ಬೇಡ. 'ಕಂಪ್ಯೂಟರ್ ಓದ್ಲಾ?' ಅಂತ ಅಷ್ಟೇ ಕೇಳು. ಒಂದೇ ಸಲ. ಎರಡ್ನೇ ಸಲ ಕೇಳಿದ್ರೆ ದೇವ್ರ ಮೇಲೆ ಅನುಮಾನ ಪಟ್ಟಂಗಾಗ್ತೈತೆ."

ಹೊಸದುರ್ಗದಿಂದ ಆಟೋ ಹಿಡಿದು ಗುಡಿ ಮುಟ್ಟಿದಾಗ ಮಧ್ಯಾಹ್ನದ ಪೂಜೆ ನಡೆಯುತ್ತಿತ್ತು. ಅಯ್ಯನವರು ವೀರಭದ್ರನ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂ ಅಂಟಿಸಿದರು. "ಓದೋಳು ಯಾರು, ನೀನಾ? ಹಂಗಾರೆ ನೀನೇ ಕೇಳ್ಕಳಮ್ಮ, ಮನಸಿನಾಗೆ. ಬಾಯಿ ಬಿಡಬ್ಯಾಡ," ಎಂದರು.

ಗಂಟೆ ಬಾರಿಸತೊಡಗಿದರು. ಅಜ್ಜಿಯ ಪಾಠವೆಲ್ಲ ಮರೆತೇಹೋಯಿತು. ತಿಂಗಳಿಂದ ತಲೆಯೊಳಗೆ ಗಿರಗಿರ ತಿರುಗುತ್ತಿದ್ದದ್ದೇ ಬಂದುಬಿಟ್ಟಿತು: "ಸ್ವಾಮೀ, ಕಂಪ್ಯೂಟರಾ, ಬಿಸಿನೆಸ್ಸಾ?"

ಬಲಗಡೆಯ ಹೂ ಜಾರಿ ಬಿತ್ತು.

"ಬಲಕ್ಕೇ ಕೊಟ್ಟ ನಮ್ಮಪ್ಪ! ಕಂಪ್ಯೂಟರೇ ಸರಿ!" ಎಂದು ಅಜ್ಜಿ ಕೆನ್ನೆ ಬಡಿದುಕೊಂಡಳು. ದೇವರು ಹೌದು ಅಂದಿದ್ದ. ಯಾವುದಕ್ಕೆ ಹೌದು? ಮತ್ತೆ ಕೇಳುವಂತಿಲ್ಲ. ನಾನು ಏನು ಕೇಳಿದೆ ಎಂದು ಇನ್ನೊಬ್ಬರಿಗೆ ಗೊತ್ತೂ ಇಲ್ಲ. ಸುಮ್ಮನಿದ್ದರೆ ಸಾಕು, ಮೂರು ವರ್ಷದ ಕಂಪ್ಯೂಟರಿಗೆ ದೇವರ ಮುದ್ರೆ ಬಿದ್ದ ಹಾಗೆ.

ವಾಪಸ್ಸು ಹೊಸದುರ್ಗಕ್ಕೆ ಬಂದು ಹೊಳಲ್ಕೆರೆ ಬಸ್ಸಿಗೆ ಕಾಯುತ್ತ ನಿಂತೆವು. ಎದುರಿಗೊಂದು ಪ್ಲಾಸ್ಟಿಕ್ ಅಂಗಡಿ. ತಲೆಗೆ ದುಪಟ್ಟಾ ಹೊದ್ದ ಒಬ್ಬ ಅಮ್ಮ ವ್ಯಾಪಾರಕ್ಕೆ ಕೂತಿದ್ದರು. ಕೊಡಗಳನ್ನೆಲ್ಲ ಬಯಲಲ್ಲಿ ಜೋಡಿಸಿದ್ದು ಕಂಡು ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಬಿಸಿಲು ಬಂದ್ರೆ ಈ ಕೊಡ ಆಮೇಲೆ ನೀರು ಹೊರೋವಾಗ ಕಂಕುಳದಾಗೇ ಸೀಳ್ತವೆ. ಒಳಗಿಡ್ರಿ, ಬಿಸಿಲು ತಡೆಯೋ ಕರೀ ಬಕೆಟ್ ಮುಂದಿಡ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನೂ ಇದೇ ಲೈನಾ ಏನಮ್ಮ?"

"ಹೂಂ, ದುರ್ಗದಾಗೆ ನಮ್ದೂ ಅಂಗಡಿ ಐತೆ."

ಮಾತಿಗೆ ಮಾತು ಬೆಳೆಯಿತು. ಬೆರಳಲ್ಲಿ ಟಕಟಕ ಬಡಿದು ನೋಡಿ, ಏನೂ ಕೊಳ್ಳದೆ ಹೋಗುವವರನ್ನು ಹೇಗೆ ನಿಲ್ಲಿಸಬೇಕು ಎಂದು ಹೇಳಿಕೊಟ್ಟೆ. ಮದುವೆ ಸೀಜನ್ನಿನಲ್ಲಿ ಯಾವುದು ಹೋಗುತ್ತದೆ ಎಂದು ಅವರು ಹೇಳಿದರು. "ಲೇ, ಬಸ್ಸು ಹೋಗ್ತೈತಲ್ಲೇ!" ಎಂದು ಅಜ್ಜಿ ಕೂಗುವಷ್ಟರಲ್ಲಿ ಬಸ್ಸು ಹೋಗಿಯೇಬಿಟ್ಟಿತ್ತು. ಮುಂದಿನ ಬಸ್ಸು ಸಿಕ್ಕಿ ಕೂತ ಮೇಲೆ ಹೊಳೆಯಿತು, ಅಷ್ಟೂ ಹೊತ್ತು ನನಗೆ ಭಯವೇ ಆಗಿರಲಿಲ್ಲ. ಹೊಳೆದದ್ದೇ ತಡ, ಮತ್ತೆ ಬಂತು. ಈಗ ಬಾಯಿ ಬಿಡದೆ ಗತಿಯಿರಲಿಲ್ಲ.

ಹೊಳಲ್ಕೆರೆಯಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅಜ್ಜಿಗೆ ಎಲ್ಲ ಹೇಳಿದೆ. ಅಗಿಯುತ್ತಿದ್ದವಳು ನಿಲ್ಲಿಸಿದಳು.

"ಅಯ್ಯೋ ಪಾಪಿ, ದೇವ್ರನ್ನ ಹಂಗೂ ಕೇಳ್ತಾರೇನೇ? ಕಾಫಿನಾ ಟೀನಾ ಅಂದ್ರೆ ಹೂಂ ಅಂದಂಗಾತು!"

ಮೊದಲು ಬೈದಳು, ಆಮೇಲೆ ಅವಳೇ ಹೆದರಿದಳು. ಕೈ ಒರೆಸಿಕೊಂಡು ಹೊಸದುರ್ಗದ ದಿಕ್ಕಿಗೆ ತಿರುಗಿ ಕೈಮುಗಿದಳು. ಅಷ್ಟರಲ್ಲಿ ಫೋನು. "ನಿಮ್ಮಪ್ಪ. ನಾನಂತೂ ಮಾತಾಡಲ್ಲ, ತಗೋ," ಎಂದು ನನ್ನ ಮಡಿಲಿಗೆ ಹಾಕಿದಳು.

"ಏನಮ್ಮ, ದೇವ್ರು ಏನಂತು?"

ಕಂಪ್ಯೂಟರ್ ಅಂದರೆ ಅಪ್ಪಾಜಿಗೆ ಸಂತೋಷ. ಬಿಸಿನೆಸ್ ಅಂದರೂ ದೇವರ ಮಾತು, ಅವರು ತುಟಿಪಿಟಿಕ್ ಅನ್ನುವಂತಿಲ್ಲ. ಎರಡು ಸುಳ್ಳೂ ನಾಲಿಗೆಯ ತುದಿಯಲ್ಲಿದ್ದವು.

"ನಾನು ಸರಿಯಾಗಿ ಕೇಳ್ಲಿಲ್ಲ ಅಪ್ಪಾಜಿ. ಎರಡನ್ನೂ ಒಟ್ಟಿಗೆ ಕೇಳ್ಬಿಟ್ಟೆ, ಹೌದು ಅಂತು. ಆದ್ರೆ ನಾನು... ನಾನು ಬಿ.ಕಾಂ. ಓದ್ತೀನಿ."

ಬೈಗುಳಕ್ಕೆ ಕಾದು ಕಣ್ಣು ಮುಚ್ಚಿದೆ.

"ಕಂಪ್ಯೂಟರ್‌ಗೆ ಹೆದರಿಕೊಂಡ್ಯಾ?"

"ಇಲ್ಲ. ಶೋಭಕ್ಕನ ಮನೇಲಿ ಬರೆದೆ, ಬಂತು. ಬಂದ್ರೂ ನಂಗೆ ಬೇಡ ಅನ್ನಿಸ್ತು."

"ನಂಗೂ ಯಾವುದು ಸರಿ ಅಂತ ತಿಳೀತಿರ್ಲಿಲ್ಲ ಕಣಮ್ಮ. ಹೆದರಿಕೆ ಆಗಿತ್ತು. ಅದ್ಕೇ ದೇವ್ರ ಹತ್ರ ಕಳಿಸ್ದೆ. ಆಯ್ತು, ನಾಳೆ ಹೋಗಿ ಫೀಸು ಕಟ್ಟಿ ಬರಾಣ. ಮುಂದೆ ಏನಾರ ಹೆಚ್ಚುಕಮ್ಮಿ ಆದ್ರೆ ನನ್ನ ಬೈಬಾರ್ದು ಮತ್ತೆ," ಎಂದರು.

"ಇಲ್ಲ ಅಪ್ಪಾಜಿ."

ಚಿತ್ರದುರ್ಗದ ಬಸ್ಸು ಬಂತು. ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಹೊಳಲ್ಕೆರೆ ಹಿಂದಾದಂತೆ ಲೆಕ್ಕ ಹಾಕಿದೆ: ಬಿ.ಕಾಂ. ಕೆಟ್ಟರೆ ಅಪ್ಪಾಜಿಯನ್ನು ಬೈಯುವಂತಿಲ್ಲ, ದೇವರನ್ನೂ ಬೈಯುವಂತಿಲ್ಲ. ಉಳಿದವಳು ನಾನೊಬ್ಬಳೇ. ಅಜ್ಜಿಯ ಕೈ ಹಿಡಿದುಕೊಂಡೆ.

"ಎಲ್ಲಾ ಮುಗೀತಲ್ಲೇ, ಇನ್ನೂ ಯಾಕೆ ನಡುಗ್ತೀಯ?" ಎಂದಳು ಅಜ್ಜಿ.

"ಈಗ ಶುರುವಾತಲ್ಲಜ್ಜಿ," ಎಂದೆ.